ಇಟಲಿಗೆ ಹೊರಟವರಿಗೆ ನಾಲ್ಕು ಮಾತು

ಮೂವತ್ತು ವರ್ಷಗಳ ಹಿಂದೆ ತುಮಕೂರಿನ ಕಡೆ ಯಾರಾದರೂ ‘ಫಾರಿನ್‌’ಗೆ ಹೊರಟರೆಂದರೆ ಬೀದಿಯವರೆಲ್ಲ ಸೇರಿ ಹಾರ ಹಾಕಿ ಬೀಳ್ಕೊಡುತ್ತಿದ್ದರು. ಹೋಗುವವರು ಸಾಮಾನ್ಯವಾಗಿ ಡಾಕ್ಟರೋ ಇಂಜಿನಿಯರೋ ಆಗಿರುತ್ತಿದ್ದರು. ಹೋಗುವ ದೇಶ ಅಮೆರಿಕವೋ ಇಂಗ್ಲೆಂಡೋ ಆಗಿರುತ್ತಿತ್ತು. ಇಂದು ಹಾಗಿಲ್ಲ. ಗುಬ್ಬಿಯ ತೆಂಗಿನ ತೋಟದ ಮನೆಯ ಹುಡುಗಿ, ಕುಣಿಗಲ್ಲಿನ ಅಂಗಡಿಯವರ ಮಗ ಜರ್ಮನಿ, ಫ್ರಾನ್ಸ್, ಇಟಲಿ ಎಂದು ಮಾತನಾಡುತ್ತಾರೆ. ಅದರಲ್ಲಿಯೂ ಇಟಲಿಯ ಹೆಸರು ಕೇಳಿಬರುವುದಕ್ಕೆ ಕಾರಣವಿದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕುಟುಂಬದ ಆದಾಯಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಇಂಗ್ಲಿಷಿನಲ್ಲಿ ಕಲಿಸುವ ಸ್ನಾತಕೋತ್ತರ ತರಗತಿಗಳು ಸಾಕಷ್ಟಿವೆ. ಅರ್ಹರಿಗೆ ಪ್ರಾದೇಶಿಕ ವಿದ್ಯಾರ್ಥಿವೇತನವೂ ಉಂಟು. ಮಕ್ಕಳು ಹೋದ ಮೇಲೆ ತಂದೆ ತಾಯಿಯರೂ ಒಮ್ಮೆ ಹೋಗಿ ನೋಡಿ ಬರಬೇಕೆನ್ನುವುದು ಸಹಜ.

ಆದರೆ ಇಂಥ ಪ್ರಯಾಣದ ಮೊದಲ ಹೆಜ್ಜೆ ಬಹಳ ಸಲ ಬೀಳುವುದು ಏಜೆಂಟರ ಕಚೇರಿಯಲ್ಲಿ. ಅಲ್ಲಿ ಅರ್ಜಿಯನ್ನು ಯಾರೋ ತುಂಬುತ್ತಾರೆ, ಹುಡುಗ ಸಹಿ ಹಾಕುತ್ತಾನೆ, ತಂದೆ ತೋಟದ ಮೇಲೆ ಸಾಲ ತೆಗೆದು ಹಣ ಕಟ್ಟುತ್ತಾರೆ. ಏಜೆಂಟರಲ್ಲಿ ಪ್ರಾಮಾಣಿಕರೂ ಇದ್ದಾರೆ, ಇಲ್ಲವೆನ್ನಲಾಗದು. ಆದರೆ ಅರ್ಜಿಯಲ್ಲಿ ತಪ್ಪೋ ಸುಳ್ಳೋ ಇದ್ದರೆ ಅದಕ್ಕೆ ಹೊಣೆ ಬರೆದವನಲ್ಲ, ಸಹಿ ಹಾಕಿದವನು. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ಈ ವಿಷಯದಲ್ಲಿ ಕೋಶ ಓದುವ ಕೆಲಸ ಮೊದಲು ಆಗಬೇಕು. ಬೇಕಾದ ನಿಯಮಗಳೆಲ್ಲ ಸರ್ಕಾರಗಳ ಜಾಲತಾಣಗಳಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಪಿಯುಸಿ ಓದಿದ ಹುಡುಗ ನಾಲ್ಕು ಸಂಜೆ ಕುಳಿತರೆ ಓದಿ ಮುಗಿಸಬಹುದು.

ಎಲ್ಲ ಕಾಗದದಲ್ಲಿ ಒಂದೇ ಹೆಸರು

ಪಾಸ್‌ಪೋರ್ಟಿಗಾಗಿ ಈಗ ಬೆಂಗಳೂರಿಗೆ ಓಡಬೇಕಾಗಿಲ್ಲ. ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ತುಂಬಿ, ತುಮಕೂರಿನ ಅಂಚೆ ಕಚೇರಿಯಲ್ಲಿರುವ ಸೇವಾ ಕೇಂದ್ರಕ್ಕೆ ದಿನ ಗೊತ್ತುಮಾಡಿಕೊಂಡು ಹೋದರಾಯಿತು. ನಂತರ ಪೊಲೀಸ್ ಪರಿಶೀಲನೆ ನಡೆಯುತ್ತದೆ. ಇದರಲ್ಲಿ ಕಷ್ಟವೇನೂ ಇಲ್ಲ. ಕಷ್ಟವಿರುವುದು ನಮ್ಮ ಹೆಸರುಗಳಲ್ಲಿ.

ಎಚ್.ಎನ್. ಮಂಜುನಾಥ ಎಂಬ ಹುಡುಗನಿದ್ದಾನೆ ಎಂದಿಟ್ಟುಕೊಳ್ಳಿ. ‘ಎಚ್’ ಎಂದರೆ ಊರು, ‘ಎನ್’ ಎಂದರೆ ತಂದೆಯ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದಿದೆ, ಆಧಾರ್ ಕಾರ್ಡಿನಲ್ಲಿ ಹಿಂದಿದೆ, ಬ್ಯಾಂಕಿನಲ್ಲಿ ಬರೀ ಮಂಜುನಾಥ, ಪದವಿ ಅಂಕಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇರೆ. ನಮಗೆ ಇದೆಲ್ಲ ಒಬ್ಬನೇ ಹುಡುಗ. ಪರದೇಶದ ಅಧಿಕಾರಿಗೆ ನಾಲ್ವರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಕುಲನಾಮದ ಜಾಗವನ್ನು ಖಾಲಿ ಬಿಟ್ಟರೆ ಮುಂದೆ ವಿಮಾನದ ಟಿಕೆಟ್ ಕೊಳ್ಳುವಾಗ, ವೀಸಾ ಅರ್ಜಿ ತುಂಬುವಾಗ ತೊಡಕು. ಆದ್ದರಿಂದ ಊರಿನ ಹೆಸರೋ ತಂದೆಯ ಹೆಸರೋ, ಯಾವುದಾದರೊಂದನ್ನು ಕೊನೆಯ ಹೆಸರಾಗಿ ನಿರ್ಧರಿಸಿಕೊಂಡು ಎಲ್ಲ ಕಡೆ ಅದನ್ನೇ ಉಳಿಸಿಕೊಳ್ಳುವುದು ಲೇಸು.

ಹೈಸ್ಕೂಲಿನ ಮಕ್ಕಳಿರುವ ಪೋಷಕರಿಗೆ ಇಲ್ಲೊಂದು ವಿಶೇಷ ಸೂಚನೆ. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಶಾಲೆಯವರು ವಿವರಗಳ ಪ್ರತಿಯನ್ನು ತೋರಿಸಿ ಸಹಿ ಕೇಳುತ್ತಾರೆ. ಹೆಚ್ಚಿನವರು ನೋಡದೆ ಸಹಿ ಹಾಕುತ್ತಾರೆ. ಆ ದಿನ ಹತ್ತು ನಿಮಿಷ ಕೊಟ್ಟು ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಜನ್ಮ ದಿನಾಂಕಗಳ ಇಂಗ್ಲಿಷ್ ಅಕ್ಷರಗಳನ್ನು ಜನನ ಪ್ರಮಾಣಪತ್ರದ ಜತೆ ತಾಳೆ ನೋಡಿದರೆ, ಮುಂದೆ ತಿದ್ದುಪಡಿಗಾಗಿ ತಿಂಗಳುಗಟ್ಟಲೆ ಅಲೆಯುವುದು ತಪ್ಪುತ್ತದೆ.

ವೀಸಾ: ಇದ್ದದ್ದನ್ನು ಇದ್ದಂತೆ

ಇಟಲಿಯು ಶೆಂಗೆನ್ ಒಪ್ಪಂದದ 29 ದೇಶಗಳಲ್ಲಿ ಒಂದು. ಪ್ರವಾಸಕ್ಕೆ ಹೋಗುವವರಿಗೆ ಸಿಗುವುದು ಶೆಂಗೆನ್ ವೀಸಾ. ಅದರಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಹಲವು ದೇಶ ನೋಡುವುದಾದರೆ, ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಸ್ವೀಕರಿಸುತ್ತಾರೆ, ಕನಿಷ್ಠ 15 ದಿನ ಮೊದಲಾದರೂ ಸಲ್ಲಿಸಿರಬೇಕು. ತೀರ್ಮಾನ ಸಾಮಾನ್ಯವಾಗಿ 15 ದಿನಗಳಲ್ಲಿ ಬರುತ್ತದೆ, ಕೆಲವೊಮ್ಮೆ 45 ದಿನಗಳವರೆಗೆ ಎಳೆಯಬಹುದು. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ವೀಸಾ ನಿರಾಕರಿಸಿದರೆ ಈ ಹಣ ಹಿಂದಿರುಗುವುದಿಲ್ಲ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಊರ್ಜಿತವಿರಬೇಕು. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ವೀಸಾ ಕೈಗೆ ಬರುವ ಮೊದಲೇ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.

ಖರ್ಚಿಗೆ ಹಣವಿದೆ, ಮರಳಿ ಬರಲು ಊರಿನಲ್ಲಿ ಕಾರಣವಿದೆ ಎಂದು ತೋರಿಸುವುದು ಅರ್ಜಿದಾರನ ಕೆಲಸ. ನೌಕರಿಯಲ್ಲಿರುವವರಿಗೆ ಸಂಬಳದ ಚೀಟಿ, ರಜೆಯ ಪತ್ರ, ತೆರಿಗೆ ವಿವರಗಳಿರುತ್ತವೆ. ನಮ್ಮ ಕಡೆಯ ರೈತರಿಗೆ ತೆರಿಗೆಯ ಕಾಗದವೇ ಇರುವುದಿಲ್ಲ. ಅದಕ್ಕಾಗಿ ಹೆದರಬೇಕಿಲ್ಲ. ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಎಪಿಎಂಸಿಯಲ್ಲಿ ಕೊಬ್ಬರಿ ಅಡಿಕೆ ಮಾರಿದ ರಸೀದಿಗಳು, ಅದೇ ಹಣ ಜಮೆಯಾದ ಬ್ಯಾಂಕ್ ಖಾತೆಯ ವಿವರ, ಇವನ್ನು ಜೋಡಿಸಿಕೊಡಬಹುದು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ಜತೆಗಿಡಬೇಕು. ಅಪ್ರಾಪ್ತ ವಯಸ್ಸಿನ ಮಗು ಒಬ್ಬರೇ ಪೋಷಕರ ಜತೆ ಹೊರಟರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು.

ಮುಖ್ಯವಾದ ಮಾತು ಇಲ್ಲಿದೆ. ‘ನಾಲ್ಕು ದಿನದ ಮಟ್ಟಿಗೆ ನಿಮ್ಮ ಖಾತೆಗೆ ಹಣ ತುಂಬಿಸುತ್ತೇವೆ, ಅನುಭವದ ಪತ್ರ ಮಾಡಿಸಿಕೊಡುತ್ತೇವೆ’ ಎನ್ನುವವರು ಸಿಗುತ್ತಾರೆ. ಖಾತೆಯ ಹಲವು ತಿಂಗಳ ವಹಿವಾಟು ನೋಡುವ ಅಧಿಕಾರಿಗೆ ನಿನ್ನೆ ಬಂದ ಲಕ್ಷಗಳು ಕಣ್ಣಿಗೆ ಹೊಡೆಯುತ್ತವೆ. ಅಷ್ಟೇ ಅಲ್ಲ, ಶೆಂಗೆನ್ ವೀಸಾ ಅರ್ಜಿಗಳ ಮಾಹಿತಿ, ನಿರಾಕರಣೆಯೂ ಸೇರಿ, ಬೆರಳಚ್ಚಿನ ಸಮೇತ ಒಂದು ಸಾಮಾನ್ಯ ಭಂಡಾರದಲ್ಲಿ ಐದು ವರ್ಷ ಉಳಿಯುತ್ತದೆ. ಇಟಲಿಗೆ ಕೊಟ್ಟ ಸುಳ್ಳು ಪತ್ರ ಮುಂದೆ ಜರ್ಮನಿಗೆ ಅರ್ಜಿ ಹಾಕಿದಾಗಲೂ ತೆರೆದುಕೊಳ್ಳುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಐದು ವರ್ಷವೆಂದರೆ ಓದಿನ ವಯಸ್ಸೇ ಮುಗಿದಂತೆ. ಹಣ ಕಡಿಮೆಯಿದ್ದರೆ ಒಂದು ವರ್ಷ ತಡೆದು ಹೋಗುವುದು ಮೇಲು.

2025ರ ಅಕ್ಟೋಬರ್ 12ರಿಂದ ಜಾರಿಗೆ ಬಂದ ಹೊಸ ಏರ್ಪಾಡಿನಂತೆ, ಅಲ್ಪಾವಧಿಗೆ ಹೋಗುವವರ ಆಗಮನ ನಿರ್ಗಮನಗಳು ಮುಖದ ಚಿತ್ರ, ಬೆರಳಚ್ಚುಗಳೊಂದಿಗೆ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಒಂದು ದಿನ ಹೆಚ್ಚು ಉಳಿದರೂ ಅದು ಲೆಕ್ಕಕ್ಕೆ ಸಿಗುತ್ತದೆ.

ಓದಲು ಹೋಗುವವರಿಗೆ

90 ದಿನಗಳಿಗೂ ಹೆಚ್ಚು ಕಾಲದ ಓದಿಗೆ ಬೇರೆಯೇ ವೀಸಾ ಇದೆ. ಅದಕ್ಕೆ ‘ಡಿ’ ವರ್ಗದ ರಾಷ್ಟ್ರೀಯ ವೀಸಾ ಎನ್ನುತ್ತಾರೆ. ಮೊದಲು ವಿಶ್ವವಿದ್ಯಾಲಯದ ಒಪ್ಪಿಗೆ, ಆಮೇಲೆ ‘ಯುನಿವರ್ಸಿಟಾಲಿ’ ಎಂಬ ಇಟಲಿ ಸರ್ಕಾರದ ಜಾಲತಾಣದಲ್ಲಿ ಪೂರ್ವ ನೋಂದಣಿ, ಆಮೇಲೆ ವೀಸಾ, ಇದು ಕ್ರಮ. ವಿದ್ಯಾರ್ಥಿವೇತನ ಕುಟುಂಬದ ಆದಾಯ ಮತ್ತು ಆಸ್ತಿಯ ಕಾಗದಗಳನ್ನು ಅವಲಂಬಿಸಿದೆ. ಅವುಗಳಿಗೆ ಇಟಾಲಿಯನ್ ಅನುವಾದ, ಅಧಿಕೃತ ದೃಢೀಕರಣ ಬೇಕಾಗುವುದರಿಂದ ಊರಿನಲ್ಲಿದ್ದಾಗಲೇ ಸಿದ್ಧಪಡಿಸಿಕೊಳ್ಳಬೇಕು. ವೇತನ ಸಿಕ್ಕರೂ ಮೊದಲ ಕಂತು ಕೈಗೆ ಬರುವವರೆಗಿನ ಬಾಡಿಗೆ, ಊಟಕ್ಕೆ ಹಣವಿರಲೇಬೇಕು. ಸಿಕ್ಕೇ ಸಿಗುತ್ತದೆಂದು ನಂಬಿ ಹೊರಡುವುದು ಮಳೆ ಬರುವ ಮುಂಚೆ ಕೆರೆಯ ನೀರಿನ ಲೆಕ್ಕ ಹಾಕಿದಂತೆ.

ಇಳಿದ ಎಂಟು ದಿನಗಳೊಳಗೆ ‘ಪೆರ್ಮೆಸ್ಸೊ ದಿ ಸೊಜ್ಜೊರ್ನೊ’ ಎಂಬ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಅಲ್ಲಿನ ಅಂಚೆ ಕಚೇರಿಗಳಲ್ಲಿ ಸಿಗುತ್ತದೆ. ಮನೆ ಬಾಡಿಗೆಗೆ, ಬ್ಯಾಂಕ್ ಖಾತೆಗೆ ‘ಕೊದಿಚೆ ಫಿಸ್ಕಾಲೆ’ ಎಂಬ ತೆರಿಗೆ ಸಂಖ್ಯೆ ಬೇಕು. ಇದು ನಮ್ಮ ಪ್ಯಾನ್ ಇದ್ದ ಹಾಗೆ. ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ, ವರ್ಷಕ್ಕೆ 1,040 ಗಂಟೆಗಳವರೆಗೆ ಕೆಲಸ ಮಾಡಬಹುದು. ಆದರೆ ಭಾಷೆ ಬಾರದವರಿಗೆ ಕೆಲಸ ಸಿಗುವುದು ಸುಲಭವಲ್ಲ.

ಭಾಷೆಯ ವಿಷಯದಲ್ಲಿ ಕನ್ನಡಿಗರು ಧೈರ್ಯ ತಾಳಬಹುದು. ಇಟಾಲಿಯನ್ ಭಾಷೆಯನ್ನು ಹೆಚ್ಚುಕಡಿಮೆ ಬರೆದಂತೆಯೇ ಓದುತ್ತಾರೆ. ನಾವು ಬಸ್ಸು, ಕಾರು ಎಂದು ಸ್ವರ ಸೇರಿಸಿ ಮಾತು ಮುಗಿಸುವಂತೆ ಅವರ ಪದಗಳೂ ಬಹುಪಾಲು ಸ್ವರದಿಂದಲೇ ಮುಗಿಯುತ್ತವೆ. ಒತ್ತಕ್ಷರವನ್ನು ಒತ್ತಿಯೇ ಹೇಳುತ್ತಾರೆ. ದಿನಕ್ಕೆ ಹತ್ತು ಪದದಂತೆ ಮೂರು ತಿಂಗಳು ಕಲಿತರೂ ಅಂಗಡಿ, ನಿಲ್ದಾಣಗಳಲ್ಲಿ ವ್ಯವಹಾರಕ್ಕೆ ಸಾಕಾಗುತ್ತದೆ.

ಪೆಟ್ಟಿಗೆಯಲ್ಲಿ ತೆಂಗಿನಕಾಯಿ

ಮಗ ಹೊರಟನೆಂದರೆ ತಾಯಿಯ ಕೈ ಸುಮ್ಮನಿರುವುದಿಲ್ಲ. ತುಪ್ಪ, ಮೈಸೂರ್ ಪಾಕು, ಪೇಡ, ಕರಿಬೇವು, ಮಾವಿನಹಣ್ಣು ಎಲ್ಲವೂ ಪೆಟ್ಟಿಗೆ ಸೇರುತ್ತವೆ. ಐರೋಪ್ಯ ಒಕ್ಕೂಟದ ನಿಯಮದಂತೆ ಹೊರದೇಶಗಳಿಂದ ಮಾಂಸ, ಹಾಲು ಮತ್ತು ಅವುಗಳ ಉತ್ಪನ್ನಗಳನ್ನು ಪ್ರಯಾಣಿಕರು ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡಗಳು ಮನೆಯಲ್ಲೇ ಉಳಿಯಲಿ. ಹಸಿ ಹಣ್ಣು, ತರಕಾರಿ, ಸೊಪ್ಪುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇದಕ್ಕೆ ವಿನಾಯಿತಿ ಪಡೆದಿರುವ ಹಣ್ಣುಗಳು ಐದೇ: ಅನಾನಸು, ಬಾಳೆ, ಖರ್ಜೂರ, ಡುರಿಯನ್ ಮತ್ತು ನಮ್ಮ ತೆಂಗಿನಕಾಯಿ!

ಕಲ್ಪತರು ನಾಡಿನವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಕೊಬ್ಬರಿಯ ಕಥೆ ಬೇರೆ. ಒಣ ಕೊಬ್ಬರಿಯಲ್ಲಿ ಶೇಕಡ 60ಕ್ಕೂ ಹೆಚ್ಚು ಎಣ್ಣೆಯ ಅಂಶವಿರುತ್ತದೆ. ಗಾಳಿಯ ಆಮ್ಲಜನಕದೊಡನೆ ಅದು ನಿಧಾನವಾಗಿ ವರ್ತಿಸಿ ಶಾಖ ಹುಟ್ಟುತ್ತದೆ. ಒತ್ತಾಗಿ ತುಂಬಿದ ಚೀಲದಲ್ಲಿ ಆ ಶಾಖ ಹೊರಹೋಗಲಾರದೆ ತಾನೇ ಹೊತ್ತಿಕೊಳ್ಳುವ ಅಪಾಯವಿದೆ. ಆದ್ದರಿಂದ ವಿಮಾನಗಳಲ್ಲಿ ಕೊಬ್ಬರಿ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿದೆ. ಒಂದೇ ಮರದ ಕಾಯಿ, ಹಸಿಯಾಗಿದ್ದರೆ ಒಂದು ನಿಯಮ, ಒಣಗಿದರೆ ಇನ್ನೊಂದು! ಹೊರಡುವ ಮೊದಲು ವಿಮಾನ ಸಂಸ್ಥೆಯ ಪಟ್ಟಿಯನ್ನು ಓದಿಕೊಳ್ಳಿ. ರಾಗಿ ಹಿಟ್ಟು, ಅವಲಕ್ಕಿ, ಸಾರಿನ ಪುಡಿಗಳಿಗೆ ಅಡ್ಡಿಯಿಲ್ಲ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಔಷಧಿಗಳ ಜತೆ ವೈದ್ಯರ ಚೀಟಿಯೂ ಇರಲಿ.

ವಿದ್ಯುತ್ತು ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಉಪಕರಣ ಸುಡುವ ಭಯವಿಲ್ಲ. ತೆಳ್ಳನೆಯ ಎರಡು ಕಡ್ಡಿಯ ಚಾರ್ಜರ್ ಕೂರುತ್ತದೆ, ದಪ್ಪ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು.

ಬೇಸಿಗೆಯಲ್ಲಿ ಒಣಗುವ, ಚಳಿಗಾಲದಲ್ಲಿ ನೆನೆಯುವ ನಾಡು

ಮೆಡಿಟರೇನಿಯನ್ ತೀರದ ಹವೆ ನಮ್ಮದಕ್ಕೆ ತದ್ವಿರುದ್ಧ. ನಮಗೆ ಮುಂಗಾರು ಮಳೆ ಸುರಿಯುವ ಜೂನ್, ಜುಲೈ ತಿಂಗಳಲ್ಲಿ ಅಲ್ಲಿ ಬಿಸಿಲು, ಒಣಹವೆ. ಬೇಸಿಗೆಯಲ್ಲಿ ಅಧಿಕ ಒತ್ತಡದ ಗಾಳಿಯ ಪಟ್ಟಿ ಉತ್ತರಕ್ಕೆ ಸರಿದು ಮೋಡಗಳನ್ನು ತಡೆಯುತ್ತದೆ. ಚಳಿಗಾಲದಲ್ಲಿ ಅದು ದಕ್ಷಿಣಕ್ಕೆ ಸರಿದಾಗ ಪಶ್ಚಿಮದ ಗಾಳಿ ಮಳೆ ತರುತ್ತದೆ. ಸಿಸಿಲಿ ದ್ವೀಪದಲ್ಲಿ 2021ರ ಆಗಸ್ಟ್ 11ರಂದು 48.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು, ಯೂರೋಪಿನಲ್ಲೇ ಅದು ದಾಖಲೆ. ಅದೇ ಮಿಲಾನ್, ಟೊರಿನೊ ಕಡೆ ಚಳಿಗಾಲದ ರಾತ್ರಿ ಉಷ್ಣತೆ ಶೂನ್ಯಕ್ಕಿಳಿಯುವುದು ಸಾಮಾನ್ಯ. ಒಂದೇ ದಪ್ಪ ಕೋಟಿಗಿಂತ ಮೂರು ಪದರ ಬಟ್ಟೆ ಹೆಚ್ಚು ಬೆಚ್ಚಗಿಡುತ್ತದೆ, ಪದರಗಳ ನಡುವಿನ ಗಾಳಿ ಶಾಖವನ್ನು ಬಿಟ್ಟುಕೊಡುವುದಿಲ್ಲವಷ್ಟೆ. ತಂದೆ ತಾಯಿಯರು ನೋಡಿಬರಲು ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಆಗಸ್ಟ್ 15 ಅಲ್ಲಿಯೂ ರಾಷ್ಟ್ರೀಯ ರಜೆ, ಆ ಸುಮಾರಿಗೆ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ.

ತುಮಕೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ರೋಮ್ ಸುಮಾರು 42 ಡಿಗ್ರಿಯಲ್ಲಿ. ಜೂನ್ ಕೊನೆಯಲ್ಲಿ ರೋಮಿನ ಹಗಲು 15 ಗಂಟೆ ದಾಟುತ್ತದೆ, ಸೂರ್ಯ ಮುಳುಗುವುದು ರಾತ್ರಿ ಎಂಟೂಮುಕ್ಕಾಲಿಗೆ. ಡಿಸೆಂಬರಿನಲ್ಲಿ ಹಗಲು 9 ಗಂಟೆಯಷ್ಟೆ. ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಮೂರೂವರೆ ಗಂಟೆ. ಮಗ ಫೋನ್ ಎತ್ತಲಿಲ್ಲವೆಂದು ಗಾಬರಿಯಾಗುವ ಮೊದಲು ಈ ಲೆಕ್ಕ ಮಾಡಿ.

ಊಟ, ನೀರು, ರೈಲು, ಜೇಬು

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’, ಅಂದರೆ ಮಾಂಸ ಬೇಡ, ಮೀನು ಬೇಡ ಎಂದು ಹೇಳಲು ಕಲಿಯಿರಿ. ಆದರೂ ತರಕಾರಿ ಸೂಪಿಗೆ ಮಾಂಸ ಬೇಯಿಸಿದ ನೀರು ಹಾಕಿರಬಹುದು, ಕೇಳಿ ತಿಳಿಯಬೇಕು. ಹೆಸರಾಂತ ಪಾರ್ಮೆಸಾನ್ ಗಿಣ್ಣಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ಕಿಣ್ವದಿಂದ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಮಾತ್ರ ಹಾಕುವ ‘ಮರಿನಾರಾ’ ಪಿಟ್ಸಾ ವಾಸಿ. ಕಾಫಿಯನ್ನು ನಿಂತು ಕುಡಿದರೆ ಒಂದು ಬೆಲೆ, ಕುಳಿತರೆ ಹೆಚ್ಚು. ಹೋಟೆಲ್ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದಿದ್ದರೆ ಅದು ಮೇಜಿನ ಶುಲ್ಕ, ಮೋಸವಲ್ಲ.

ನೀರಿಗೆ ದುಡ್ಡು ಕೊಡಬೇಕಿಲ್ಲ. ರೋಮ್ ನಗರದ ಬೀದಿಗಳಲ್ಲಿ ಸದಾ ಹರಿಯುವ ಸುಮಾರು 2,500 ಸಾರ್ವಜನಿಕ ನಲ್ಲಿಗಳಿವೆ, ಬಾಟಲಿ ತುಂಬಿಕೊಳ್ಳಬಹುದು. ‘ನೊನ್ ಪೊತಾಬಿಲೆ’ ಎಂದು ಬರೆದಲ್ಲಿ ಮಾತ್ರ ಕುಡಿಯಬಾರದು. ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ತುಂಬುವುದನ್ನು ಕಂಡ ನಮ್ಮವರಿಗೆ, ಕ್ರಿಸ್ತಪೂರ್ವ 19ರಲ್ಲೇ ಬರೀ ಇಳಿಜಾರಿನ ಬಲದಿಂದ ರೋಮಿಗೆ ನೀರು ತಂದ ಕಾಲುವೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕಾಲುವೆಯ ಹೆಸರು ಹೊತ್ತ ನೀರು ಇಂದಿಗೂ ಟ್ರೆವಿ ಕಾರಂಜಿಯಲ್ಲಿ ಚಿಮ್ಮುತ್ತದೆ.

ರೈಲು ಸಂಚಾರ ಚೆನ್ನಾಗಿದೆ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ. ‘ಶೋಪೆರೊ’ ಎಂದರೆ ಮುಷ್ಕರ. ಮುಂಚಿತವಾಗಿ ಪ್ರಕಟಿಸುವುದರಿಂದ, ವಿಮಾನ ಹಿಡಿಯುವ ದಿನ ಈ ಪದ ಕಣ್ಣಿಗೆ ಬಿದ್ದರೆ ಬೇರೆ ದಾರಿ ಹುಡುಕಿಕೊಳ್ಳಿ.

ಜನಜಂಗುಳಿಯಲ್ಲಿ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟ್, ಹಣ, ಕಾರ್ಡುಗಳನ್ನು ಒಂದೇ ಕಡೆ ಇಡಬೇಡಿ. ನಮ್ಮ ಯುಪಿಐ ನಂಬಿ ಹೋಗಬೇಡಿ. ಕಾರ್ಡ್ ಯಂತ್ರ ‘ರೂಪಾಯಿಯೋ ಯೂರೋವೋ’ ಎಂದು ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ವಿನಿಮಯ ದರ ದುಬಾರಿ. ಬೀದಿಯಲ್ಲಿ ನಕಲಿ ಬ್ರಾಂಡಿನ ಚೀಲ ಕೊಂಡರೆ ಕೊಂಡವರಿಗೂ ದಂಡವಿದೆ. ನೆನಪಿಗೆಂದು ಪೊಂಪೆಯ ಕಲ್ಲನ್ನೋ ಸಾರ್ಡಿನಿಯಾ ತೀರದ ಮರಳನ್ನೋ ಚೀಲಕ್ಕೆ ಹಾಕಿಕೊಳ್ಳುವುದೂ ಅಪರಾಧ. ತುರ್ತು ಕರೆಗೆ 112. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸರಲ್ಲಿ ದೂರು, ಆಮೇಲೆ ರೋಮಿನ ಭಾರತೀಯ ರಾಯಭಾರ ಕಚೇರಿ ಅಥವಾ ಮಿಲಾನಿನ ಕಾನ್ಸುಲೇಟ್.

ಪಾಠದ ಹೆಸರುಗಳ ಊರಿನಲ್ಲಿ

ವಿದ್ಯಾರ್ಥಿಗಳು ಕೇವಲ ಫೋಟೋ ತೆಗೆದುಕೊಂಡು ಬರಬಾರದು. ವಿಜ್ಞಾನದ ಪುಸ್ತಕದಲ್ಲಿ ನೀವು ಬಾಯಿಪಾಠ ಮಾಡಿದ ಹೆಸರುಗಳು ಅಲ್ಲಿ ಊರೂರಿಗೂ ಇವೆ. ಬೊಲೊನ್ಯಾದಲ್ಲಿ ಗ್ಯಾಲ್ವಾನಿ ಕಪ್ಪೆಯ ಕಾಲು ಅದುರಿದ್ದನ್ನು ಕಂಡ. ಅವನ ವಿವರಣೆಯನ್ನು ಒಪ್ಪದ ವೋಲ್ಟಾ 1800ರಲ್ಲಿ ಮೊದಲ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ, ಅವನ ಊರಾದ ಕೋಮೊದಲ್ಲಿ ಅವನಿಗೆಂದೇ ಒಂದು ಸಂಗ್ರಹಾಲಯವಿದೆ. ಅವಗಾಡ್ರೊ ಟೊರಿನೊ ನಗರದವನು. ಫ್ಲಾರೆನ್ಸಿನ ಗೆಲಿಲಿಯೊ ಸಂಗ್ರಹಾಲಯದಲ್ಲಿ ಅವನ ದೂರದರ್ಶಕಗಳನ್ನು ಕಣ್ಣಾರೆ ನೋಡಬಹುದು. ಪೀಸಾದ ಗೋಪುರ 1990ರಲ್ಲಿ ಮುಚ್ಚಿ, ಅಡಿಪಾಯದ ಒಂದು ಬದಿಯ ಮಣ್ಣು ತೆಗೆದು ವಾಲುವಿಕೆಯನ್ನು ಕಡಿಮೆ ಮಾಡಿ, 2001ರಲ್ಲಿ ಮತ್ತೆ ತೆರೆಯಿತು. ಗುರುತ್ವ ಕೇಂದ್ರದ ಪಾಠಕ್ಕೆ ಅದಕ್ಕಿಂತ ದೊಡ್ಡ ಮಾದರಿ ಇಲ್ಲ.

ಇವೆಲ್ಲಕ್ಕಿಂತ ನಾನು ಮಕ್ಕಳಿಗೆ ಹೇಳುವುದು ಬೊಲೊನ್ಯಾದ ಸ್ಯಾನ್ ಪೆಟ್ರೋನಿಯೊ ಚರ್ಚನ್ನು ನೋಡಿ ಎಂದು. ಖಗೋಳ ವಿಜ್ಞಾನಿ ಕ್ಯಾಸಿನಿ 1655ರಲ್ಲಿ ಅದರ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ರೇಖೆಯನ್ನು ರೂಪಿಸಿದ. ಛಾವಣಿಯ ಸಣ್ಣ ರಂಧ್ರದಿಂದ ಬಿದ್ದ ಸೂರ್ಯಬಿಂಬ ನಡುಹಗಲಿನಲ್ಲಿ ಆ ರೇಖೆಯನ್ನು ದಾಟುತ್ತದೆ, ಋತುವಿಗೆ ತಕ್ಕಂತೆ ಮುಂದೆ ಹಿಂದೆ ಸರಿಯುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ನೀವು ಮಾಡುವ ಸೂಜಿರಂಧ್ರ ಕ್ಯಾಮರಾವೇ ಇಲ್ಲಿ ಇಡೀ ಕಟ್ಟಡದಷ್ಟು ದೊಡ್ಡದಾಗಿದೆ. ಚರ್ಚುಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಉಡುಪಿರಬೇಕು. ಸರ್ಕಾರಿ ಸಂಗ್ರಹಾಲಯಗಳಲ್ಲಿ 18 ವರ್ಷದೊಳಗಿನವರಿಗೆ, ಯಾವ ದೇಶದವರಾದರೂ, ಪ್ರವೇಶ ಉಚಿತ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ರೋಮಿನ ಕೊಲೋಸಿಯಂ ಟಿಕೆಟಿನಲ್ಲಿ ಹೆಸರಿರುತ್ತದೆ, ಅದು ಪಾಸ್‌ಪೋರ್ಟಿನ ಹೆಸರೇ ಆಗಿರಬೇಕು.

ರೋಮಿನಿಂದ ಬಂದವನೊಬ್ಬ

ತುಮಕೂರು, ಗುಬ್ಬಿಗಳ ಮೂಲಕ ಹಾಯುವ ಬಿ.ಎಚ್. ರಸ್ತೆ ಸಾಗರ, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. 1623ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದ. ದಾರಿಯಲ್ಲಿ ಒಂದು ಗುಡಿಯ ಜಗುಲಿಯ ಮೇಲೆ ಮಕ್ಕಳು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡ. ತಪ್ಪಿದರೆ ತಿದ್ದುವವರು ಯಾರು ಎಂದು ಅವರನ್ನೇ ಕೇಳಿದ. ಗುರುಗಳಿಲ್ಲದೆ ತಮ್ಮತಮ್ಮಲ್ಲೇ ಕಲಿಯುತ್ತೇವೆಂದು ಅವರು ಕೊಟ್ಟ ಉತ್ತರವನ್ನು ಬರೆದಿಟ್ಟ. ಅರಮನೆಯ ವೈಭವವನ್ನಷ್ಟೇ ನೋಡಿ ಹೋಗಿದ್ದರೆ ಆ ಕಾಲದ ನಮ್ಮ ಮಕ್ಕಳ ಓದಿನ ಈ ಚಿತ್ರ ನಮಗೆ ಉಳಿಯುತ್ತಿರಲಿಲ್ಲ.

ನಾಲ್ಕುನೂರು ವರ್ಷಗಳ ಮೇಲೆ ಅವನ ಊರಿಗೆ ನಮ್ಮ ಮಕ್ಕಳು ಹೊರಟಿದ್ದಾರೆ. ಅವರ ಕೈಯಲ್ಲಿಯೂ ಒಂದು ನೋಟ್ ಪುಸ್ತಕವಿರಲಿ. ಆ ದಿನ ಕಂಡದ್ದು, ಕೇಳಿ ತಿಳಿದದ್ದು, ಖರ್ಚಾದದ್ದು ಮೂರನ್ನೂ ರಾತ್ರಿ ಮಲಗುವ ಮುನ್ನ ಬರೆಯಲಿ. ಅದರ ಮೊದಲ ಪುಟವನ್ನು ಮಾತ್ರ ಹೊರಡುವ ಮುನ್ನವೇ, ಮನೆಯವರ ಎದುರಿಗೆ ಕುಳಿತು ತುಂಬಬೇಕು: ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಮುಗಿಯುವ ದಿನ, ವಿಮೆಯ ಸಂಖ್ಯೆ, ಇಳಿಯುವ ಮನೆಯ ವಿಳಾಸ, ರಾಯಭಾರ ಕಚೇರಿಯ ದೂರವಾಣಿ. ಅದೇ ಪುಟದ ಒಂದು ಪ್ರತಿ ತಂದೆ ತಾಯಿಯ ಬಳಿ ಇರಲಿ. ಫೋನು ಕಳೆದರೂ, ಬ್ಯಾಟರಿ ಮುಗಿದರೂ ಆ ಪುಟ ಕೆಲಸಕ್ಕೆ ಬರುತ್ತದೆ.